ಮರುಕಳಿಕೆಯನ್ನು ಎಣಿಸಿದವರು ಎಷ್ಟು ಮಂದಿ?

ಕ್ಷಯದ ಲಸಿಕೆ ಮನುಷ್ಯರಲ್ಲಿ ಸೋತಾಗಲೆಲ್ಲ ತಪ್ಪನ್ನು ಇಲಿಯ ತಲೆಗೆ ಕಟ್ಟುವುದು ಈಗ ರೂಢಿಯಾಗಿದೆ. ಪ್ರಾಣಿ ಪ್ರಯೋಗಗಳ ಕಾಲ ಮುಗಿಯಿತು ಎನ್ನುವವರು ಹಳೆಯ ಪ್ರಬಂಧಗಳನ್ನು ಒಮ್ಮೆ ತಿರುವಿ ಹಾಕಬೇಕು. ನಾನಿಲ್ಲಿ ಬರೆಯುತ್ತಿರುವುದು ರೋಗ ಬಾರದಂತೆ ತಡೆಯುವ ಲಸಿಕೆಯ ಬಗ್ಗೆ ಅಲ್ಲ, ರೋಗ ಬಂದವರಿಗೆ ಮಾತ್ರೆಗಳ ಜೊತೆ ಕೊಡಬಯಸುವ ಲಸಿಕೆಯ ಬಗ್ಗೆ.

1890ರಲ್ಲಿ ರಾಬರ್ಟ್ ಕಾಕ್ ಗಿನಿಪಿಗ್‌ಗಳನ್ನು ನಂಬಿ ಟ್ಯೂಬರ್ಕುಲಿನ್ ಕ್ಷಯಕ್ಕೆ ಮದ್ದೆಂದು ಬರ್ಲಿನ್‌ನಲ್ಲಿ ಸೂಚಿಸಿದ. ಮರುವರ್ಷವೇ ರೋಗಶಾಸ್ತ್ರಜ್ಞ ವಿರ್ಶೋ ಶವಪರೀಕ್ಷೆ ಮಾಡಿ, ಅದು ಶ್ವಾಸಕೋಶದ ಗಾಯಗಳನ್ನು ಕೆರಳಿಸಿದ್ದನ್ನು ತೋರಿಸಿದ. ಮುಂದಿನ ಅರ್ಧ ಶತಮಾನದಲ್ಲಿ ಆಮೆಯ ರೋಗಾಣುವಿನಿಂದ ಮಾಡಿದ ಲಸಿಕೆಯಂಥವು ಬಂದುಹೋದವು. ಅವುಗಳಲ್ಲಿ ವಿಜ್ಞಾನಕ್ಕಿಂತ ವ್ಯಾಪಾರವೇ ಹೆಚ್ಚು.

ನಿಜವಾದ ತಿರುವು 1956ರದು. ಅಮೆರಿಕದ ಕಾರ್ನೆಲ್‌ನಲ್ಲಿ ಮೆಕ್ಯೂನ್ ಮತ್ತು ಸಂಗಡಿಗರು ಸೋಂಕಿತ ಇಲಿಗಳಿಗೆ ಐಸೋನಿಯಾಜಿಡ್, ಪೈರಾಜಿನಮೈಡ್ ಕೊಟ್ಟು ಒಂದು ರೋಗಾಣುವೂ ಬೆಳೆಯದ ಸ್ಥಿತಿಗೆ ತಂದರು. ಔಷಧ ನಿಲ್ಲಿಸಿ ಮೂರು ತಿಂಗಳು ಬಿಟ್ಟು ನೋಡಿದರೆ ಸುಮಾರು ಮೂರನೇ ಒಂದು ಭಾಗದ ಇಲಿಗಳಲ್ಲಿ ಕ್ಷಯ ಮರಳಿತ್ತು. ಚಿಕಿತ್ಸಕ ಲಸಿಕೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೂ ಬಂದಿಲ್ಲ ಎಂದೇ ನನ್ನ ಎಣಿಕೆ. ಇದು ಬೇಸರದ ಕೆಲಸ, ನಿಜ. ಶ್ವಾಸಕೋಶದ ಒಂದು ಚೂರು ಸಾಲದು, ಇಡಿಯಾಗಿ ಅರೆದು ತಟ್ಟೆಗಳಿಗೆ ಹಚ್ಚಬೇಕು. ತಟ್ಟೆ ಒಣಗದಂತೆ ಚೀಲದಲ್ಲಿಟ್ಟು ವಾರಗಟ್ಟಲೆ ಕಾಯಬೇಕು. ಅಷ್ಟೂ ತಟ್ಟೆಗಳಲ್ಲಿ ಹೂಕೋಸಿನ ಎಸಳಿನಂಥ, ಒರಟು ಅಂಚಿನ ಒಂದೇ ಒಂದು ಕಾಲೊನಿ ಕಂಡರೂ ಆ ಇಲಿಗೆ ರೋಗ ಮರುಕಳಿಸಿದೆ ಎಂದೇ ಲೆಕ್ಕ.

1999ರಲ್ಲಿ ಲೌರಿ ಮತ್ತು ಬ್ರೆಜಿಲ್‌ನ ಸಿಲ್ವಾ ತಂಡ ಡಿಎನ್‌ಎ ಲಸಿಕೆಯಿಂದ ಇಲಿಗಳಲ್ಲಿ ರೋಗಾಣುಗಳು ತಗ್ಗಿದ್ದನ್ನು ‘ನೇಚರ್’ನಲ್ಲಿ ಪ್ರಕಟಿಸಿದಾಗ ನಮ್ಮ ಪೀಳಿಗೆಗೆ ಹಬ್ಬ. ಹಬ್ಬದ ಮನೆಗೆ ನೀರೆರಚಿದವನು ಕೊಲರಾಡೊದ ಇಯಾನ್ ಓರ್ಮ್. ಸೋಂಕಿಗೆ ಮೊದಲು ಕೊಟ್ಟರೆ ಕಾಪಾಡುವ ಲಸಿಕೆಗಳು ಸೋಂಕಿನ ನಂತರ ಕೊಟ್ಟರೆ ಕೈಕೊಡುತ್ತವೆ ಎಂದು 2000ದಲ್ಲೇ ಅವನ ತಂಡ ಬರೆಯಿತು. 2003ರಲ್ಲಿ ಡಿಎನ್‌ಎ ಲಸಿಕೆ ಪಡೆದ ಸೋಂಕಿತ ಇಲಿಗಳ ಶ್ವಾಸಕೋಶ ಕೊಳೆತಿದ್ದನ್ನೂ ತೋರಿಸಿತು. ಓರ್ಮ್‌ನನ್ನು ನಿರಾಶಾವಾದಿ ಎಂದವರೇ ಹೆಚ್ಚು. ಅವನು ಹೇಳಿದ್ದು ವಿರ್ಶೋ ಕಂಡದ್ದನ್ನೇ.

ಪಾಠ ಕಲಿತವರೂ ಇದ್ದರು. ಸ್ಪೇನಿನ ಕಾರ್ದೋನಾ ‘ರುಟಿ’ ಎಂಬ ತನ್ನ ಲಸಿಕೆಯನ್ನು ಔಷಧದ ಬಳಿಕವೇ ಕೊಡಬೇಕೆಂದು ಪಟ್ಟುಹಿಡಿದ. ದೆಹಲಿ ವಿಶ್ವವಿದ್ಯಾಲಯದ ಅನಿಲ್ ತ್ಯಾಗಿ ತಂಡ ಆಲ್ಫಾ ಕ್ರಿಸ್ಟಲಿನ್ ಡಿಎನ್‌ಎ ಲಸಿಕೆಯನ್ನು ಔಷಧಗಳ ಜೊತೆ ಕೊಟ್ಟು, ಇಲಿಗಳಲ್ಲಿ ಚಿಕಿತ್ಸೆಯ ಅವಧಿ ತಗ್ಗುವುದನ್ನು 2013ರಲ್ಲಿ ವರದಿ ಮಾಡಿತು. ಈ ಪ್ರಬಂಧಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ.

ಇನ್ನು ಎಚ್56 ಎಂಬ ಲಸಿಕೆ. 2012ರ ಪ್ರಯೋಗದಲ್ಲಿ ಅಡಗಿದ್ದ ರೋಗ ಮಂಗಗಳಲ್ಲಿ ಮತ್ತೆ ತಲೆಯೆತ್ತದಂತೆ ಅದು ತಡೆದಿತ್ತು. ಆದರೆ ಆ ಮಂಗಗಳಿಗೆ ಬಿಸಿಜಿಯನ್ನೂ ಎಚ್56ನ್ನೂ ಕೊಟ್ಟದ್ದು ಸೋಂಕಿಗೆ ಮೊದಲು! ಮನುಷ್ಯರ ಮೇಲಿನ ಪ್ರಯೋಗದಲ್ಲಿ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯದಲ್ಲಿ, ಅದನ್ನು ಕೊಟ್ಟದ್ದು ಕ್ಷಯದ ಚಿಕಿತ್ಸೆ ಮುಗಿಸಿದವರಿಗೆ. ಅಲ್ಲಿ ಮರುಕಳಿಕೆ ತಗ್ಗಲಿಲ್ಲ, ಲಸಿಕೆ ಪಡೆದವರಲ್ಲೇ ಹೆಚ್ಚು ಕಂಡಿತು. ಇದರಲ್ಲಿ ಮಂಗ ಸುಳ್ಳಾಡಿದ್ದೆಲ್ಲಿ?

ಪ್ರಾಣಿ ಮತ್ತು ರೋಗಾಣು ತಳಿಯ ಆಯ್ಕೆಯಲ್ಲೂ ಎಡವಿದ್ದೇವೆ. ಎಲ್ಲರೂ ಬಳಸುವ ಬಾಲ್ಬ್-ಸಿ, ಸಿ57 ಇಲಿಗಳ ಗಾಯ ಮನುಷ್ಯರದ್ದರಂತೆ ಗಿಣ್ಣಿನ ಹದಕ್ಕೆ ಕೊಳೆಯುವುದಿಲ್ಲ. ಕ್ರಾಮ್ನಿಕ್ ಪರಿಚಯಿಸಿದ ಸಿ3ಎಚ್ಇಬಿ ಇಲಿಯಲ್ಲಿ, ಗಿನಿಪಿಗ್‌ನಲ್ಲಿ ಕೊಳೆಯುತ್ತದೆ. ಸೋಂಕಿಗೆ ಬಳಸುವ ಎಚ್37ಆರ್‌ವಿ ರೋಗಾಣುವೋ 1905ರಲ್ಲಿ ಅಮೆರಿಕದ ರೋಗಿಯೊಬ್ಬನಿಂದ ತೆಗೆದ ತಳಿಯ ಸಂತತಿ. ಮದರಾಸಿನ ರೋಗಿಗಳ ರೋಗಾಣುಗಳಲ್ಲಿ ಅನೇಕವು ಗಿನಿಪಿಗ್‌ಗಳಲ್ಲಿ ಸೌಮ್ಯವಾಗಿ ವರ್ತಿಸುತ್ತವೆ ಎಂದು ಮಿಚಿಸನ್ ತಂಡ 1960ರಲ್ಲೇ ಬರೆದಿತ್ತು. ನಮ್ಮ ತಳಿ ಹಾಕಿ, ಪೂರ್ತಿ ಔಷಧ ಕೊಟ್ಟು, ಆಮೇಲೆ ಲಸಿಕೆ ಕೊಟ್ಟು, ಮತ್ತೆ ತಿಂಗಳುಗಟ್ಟಲೆ ಕಾದು ಮರುಕಳಿಕೆ ಎಣಿಸುವ ಗಿನಿಪಿಗ್ ಪ್ರಯೋಗಕ್ಕೆ ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ಆದರೆ ಅನುದಾನ ಸಮಿತಿಗಳು ಕೇಳುವುದು ಆರನೇ ವಾರದ ಕಾಲೊನಿ ಎಣಿಕೆಯನ್ನು.