ಪದ ಪರಿಚಯ: ಅನುಕ್ರಮ

ಅನುಕ್ರಮ

ಸಾಫ್ಟ್‌ವೇರ್ ಪಾಠದಲ್ಲಿ ‘ಸೀಕ್ವೆನ್ಸ್ ಡಯಾಗ್ರಾಮ್’ ಅನ್ನು ‘ಸರಣಿ ಚಿತ್ರ’ ಎಂದದ್ದು ಕೇಳಿದೆ. ಹಾಗೆಂದರೆ ಸಾಲುಸಾಲು ಚಿತ್ರಗಳೆಂದಾಗುತ್ತದೆ. ‘ಅನುಕ್ರಮ ಚಿತ್ರ’ವೇ ಸರಿ. ಸಂಸ್ಕೃತದ ‘ಕ್ರಮ್’ ಎಂದರೆ ಹೆಜ್ಜೆಯಿಡು, ‘ಅನು’ ಎಂದರೆ ಹಿಂದೆಯೇ. ಮೂರು ಹೆಜ್ಜೆಯ ತ್ರಿವಿಕ್ರಮನೂ ಇದೇ ಮನೆಯವನು. ‘ಸೀಕ್ವೆನ್ಸ್’ನ ಲ್ಯಾಟಿನ್ ಬೇರಿಗೂ ಹಿಂಬಾಲಿಸುವುದೆಂದೇ ಅರ್ಥ.

ಎಟಿಎಂನ ಅನುಕ್ರಮ ಚಿತ್ರ ನೋಡಿ. ಗ್ರಾಹಕ, ಯಂತ್ರ, ಬ್ಯಾಂಕು, ಮೂವರಿಗೂ ಒಂದೊಂದು ಇಳಿಗೆರೆ. ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಪಿನ್ ಪರಿಶೀಲನೆ, ಖಾತೆಯಲ್ಲಿ ಹಣವಿದೆಯೇ ಎಂಬ ಪ್ರಶ್ನೆ, ಬ್ಯಾಂಕಿನ ಒಪ್ಪಿಗೆ, ಆಮೇಲೆ ನೋಟು: ಒಂದೊಂದಕ್ಕೂ ಒಂದು ಬಾಣ. ಒಪ್ಪಿಗೆಯ ಬಾಣಕ್ಕಿಂತ ನೋಟಿನ ಬಾಣ ಮೇಲೆ ಬಂದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ‘ಅನುಕ್ರಮ’ ಎಂಬ ಪದ ನಮಗೆ ಹೊಸದಲ್ಲ: ಪುಸ್ತಕದ ‘ಅನುಕ್ರಮಣಿಕೆ’ಯಲ್ಲಿದೆ, ಮರಾಠಿ, ಹಿಂದಿಗಳ ‘ಅನುಕ್ರಮಾಂಕ’ದಲ್ಲಿದೆ. ‘ಕ್ರಮೇಣ’ದ ಅರ್ಥ ಮಾತ್ರ ಬೇರೆ. ಅದು ನಿಧಾನವಾಗಿ ಆಗುವುದು.