ಗೆಂಜಿಯ ಕಥೆಯಲ್ಲಿ ವರ್ಣವೂ ಋತುವೂ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಗಳಿಗೆ ವರ್ಣಗಳನ್ನು ವಿಧಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು. ಅಲ್ಲಿ ವರ್ಣವು ರಸವನ್ನು ಅನುಸರಿಸುವುದೇ ಹೊರತು ಪಾತ್ರದ ಹುಟ್ಟನ್ನಲ್ಲ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಜಪಾನಿನ ರಾಣಿವಾಸದ ವಿದುಷಿಯೊಬ್ಬಳು ರಚಿಸಿದ ‘ಗೆಂಜಿ ಮೊನೊಗತಾರಿ’ ಎಂಬ 54 ಅಧ್ಯಾಯಗಳ ಗದ್ಯಕಥೆಯಲ್ಲಿ ಇದಕ್ಕಿಂತ ಭಿನ್ನವಾದ ಕ್ರಮವನ್ನು ಕಾಣುತ್ತೇವೆ. ಅದರಲ್ಲಿ ವರ್ಣವೂ ಋತುವೂ ಬರಿಯ ವರ್ಣನಾಂಗಗಳಲ್ಲ; ಪಾತ್ರಗಳ ಕುಲ, ಪದವಿ, ಬಾಂಧವ್ಯಗಳನ್ನು ಗೊತ್ತುಪಡಿಸುವ ಮುದ್ರೆಗಳು. ಆ ಮುದ್ರೆಗಳು ಮನುಷ್ಯನ ಬಾಳನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬಲ್ಲವೆಂಬುದೇ ಇಲ್ಲಿಯ ವಿಚಾರ.

ಮೊದಲು ಆ ದೇಶದ ಶಾಸನವನ್ನು ನೋಡಬೇಕು. 757ರಲ್ಲಿ ಆಚರಣೆಗೆ ಬಂದ ಯೋರೋ ಸಂಹಿತೆಯು ರಾಜೋದ್ಯೋಗಿಗಳ ಉಡುಪಿನ ಬಣ್ಣವನ್ನು ಪದವಿಗನುಸಾರವಾಗಿ ಕಟ್ಟುಮಾಡಿತ್ತು. ಮೊದಲ ದರ್ಜೆಗೆ ಕಡು ನೇರಳೆ, ಎರಡು ಮೂರನೆಯವಕ್ಕೆ ತಿಳಿ ನೇರಳೆ, ನಾಲ್ಕು ಐದಕ್ಕೆ ಕೆಂಪಿನ ಭೇದಗಳು, ಆರು ಏಳಕ್ಕೆ ಹಸುರಿನ ಭೇದಗಳು. ಕಥೆಯಲ್ಲಿ ಗೆಂಜಿಯು ತನ್ನ ಮಗ ಯೂಗಿರಿಯನ್ನು ವಿದ್ಯೆಗೆ ಹಚ್ಚಬೇಕೆಂದು ಬೇಕೆಂದೇ ಆರನೆಯ ದರ್ಜೆಯಲ್ಲಿರಿಸುತ್ತಾನೆ. ಹಸುರು ಉಡುಪನ್ನು ತೊಟ್ಟ ಹನ್ನೆರಡು ವರ್ಷದ ಬಾಲಕನಿಗೆ ಅದು ಅವಮಾನವಾಗುತ್ತದೆ. ಅವನು ಮೆಚ್ಚಿದ ಹುಡುಗಿಯ ದಾದಿಯೂ ಅವನ ದರ್ಜೆಯನ್ನು ಹೀಯಾಳಿಸುತ್ತಾಳೆ.

ಸ್ತ್ರೀಪಾತ್ರಗಳಲ್ಲಿ ನೇರಳೆಯೇ ಕಥೆಯ ಸೂತ್ರವಾಗಿದೆ. ಗೆಂಜಿಯು ಎಳವೆಯಲ್ಲಿ ಕಳೆದುಕೊಂಡ ತಾಯಿಯ ನಿವಾಸ ಕಿರಿತ್ಸುಬೊ. ‘ಕಿರಿ’ಯೆಂಬ ಮರದ ಹೂ ನಸು ನೇರಳೆ. ಆಕೆಯನ್ನೇ ಹೋಲುವಳೆಂದು ಚಕ್ರವರ್ತಿಯು ತಂದ ರಾಣಿ ಫುಜಿತ್ಸುಬೊ; ‘ಫುಜಿ’ಯೆಂಬ ಬಳ್ಳಿಯ ಹೂವಿನದೂ ಅದೇ ಬಣ್ಣ. ನಿಷಿದ್ಧವಾದ ಆ ರಾಣಿಯ ಪ್ರೇಮದಲ್ಲಿ ಬೆಂದ ಗೆಂಜಿಯು ಅವಳ ಸೋದರನ ಮಗಳನ್ನು ತಂದು ಸಾಕಿ ಬಳಿಕ ಮಡದಿಯಾಗಿ ಸ್ವೀಕರಿಸುತ್ತಾನೆ. ಅವಳೇ ಮುರಸಾಕಿ. ಬೇರಿನಿಂದ ನೇರಳೆ ಬಣ್ಣವನ್ನು ಕೊಡುವ ಗಿಡದ ಹೆಸರಿದು. ಒಂದೇ ಬಣ್ಣವು ಮೂವರನ್ನು ಪೋಣಿಸಿರುವುದರಿಂದ, ಈ ಹುಡುಗಿಯು ಮತ್ತೊಬ್ಬಳ ಸ್ಥಾನವನ್ನು ತುಂಬಲು ಬಂದವಳೆಂಬ ಕಟುಸತ್ಯವು ಅವಳ ಹೆಸರಿನಲ್ಲಿಯೇ ಅಡಗಿದೆ. ಗ್ರಂಥಕರ್ತ್ರಿಯ ನಿಜನಾಮವು ಉಳಿದಿಲ್ಲ. ಲೋಕವು ಅವಳನ್ನೂ ಈ ಪಾತ್ರದ ಹೆಸರಿನಿಂದ ಮುರಸಾಕಿ ಶಿಕಿಬು ಎಂದೇ ಕರೆಯಿತು.

ಋತುಗಳ ಹಂಚಿಕೆಯನ್ನು ಗೆಂಜಿಯೇ ಮಾಡುತ್ತಾನೆ. ಐಶ್ವರ್ಯದ ಶಿಖರದಲ್ಲಿ ಅವನು ಕಟ್ಟಿಸಿದ ರೊಕುಜೊ ಮಂದಿರಕ್ಕೆ ನಾಲ್ಕು ಭಾಗಗಳು. ಆಗ್ನೇಯದ ವಸಂತೋದ್ಯಾನ ಮುರಸಾಕಿಯದು. ಈಶಾನ್ಯದ ಬೇಸಗೆಯ ಭಾಗ ಹನಚಿರುಸತೊಳದು. ನೈರುತ್ಯದ ಶರತ್ಕಾಲ ರಾಣಿ ಅಕಿಕೊನೊಮುವಿನದು. ವಾಯವ್ಯದ ಚಳಿಗಾಲ ಅಕಾಶಿಯದು. ಇದೂ ಬರಿಯ ಉದ್ಯಾನವಿಲಾಸವಲ್ಲ. ಅಕಿಕೊನೊಮು ಶರತ್ಕಾಲವನ್ನು ಮೆಚ್ಚಿದುದು ಗತಿಸಿದ ತಾಯಿಯ ನೆನಪಿನಿಂದ. ಅವಳ ಭಾಗವಿರುವುದೂ ಆ ತಾಯಿಯ ಹಳೆಯ ನಿವೇಶನದಲ್ಲಿಯೇ. ಅಕಾಶಿಯು ಕೀಳು ದರ್ಜೆಯ ಮನೆತನದವಳು. ಮಗಳ ಶ್ರೇಯಸ್ಸಿಗೆ ಅದು ಅಡ್ಡಿಯಾಗಬಾರದೆಂದು ಅವಳು ಕೂಸನ್ನು ಮುರಸಾಕಿಗೆ ಒಪ್ಪಿಸಿದುದು ಹಿಮ ಬೀಳುವ ಕಾಲದಲ್ಲಿ. ಹೀಗೆ ಅವಳ ಋತುವೇ ಅವಳ ನಷ್ಟವನ್ನೂ ನುಡಿಯುತ್ತದೆ. ಆದರೆ ಹೊಸವರ್ಷಕ್ಕಾಗಿ ಗೆಂಜಿಯು ಅವಳಿಗೆ ಆರಿಸಿದ ಬಿಳಿಯ ಉಡುಪಿನ ಘನತೆಯನ್ನು ಕಂಡು ಮುರಸಾಕಿಯ ಮನಸ್ಸು ಕಲಕುತ್ತದೆ. ಕುಲವು ಕೊಡದ ಗೌರವವನ್ನು ಬಣ್ಣವು ಕೊಟ್ಟಿತೆಂಬುದನ್ನು ಅವಳು ಅರಿತಳು.

ವಸಂತ ಹಿರಿದೋ ಶರತ್ತು ಹಿರಿದೋ ಎಂಬುದು ಜಪಾನೀ ಕಾವ್ಯದಲ್ಲಿ ಏಳನೆಯ ಶತಮಾನದಿಂದಲೂ ನಡೆದುಬಂದ ವಿವಾದ. ರೊಕುಜೊದಲ್ಲಿ ಅಕಿಕೊನೊಮು ಬಣ್ಣಗೂಡಿದ ಎಲೆಗಳನ್ನು ಕಳುಹಿಸಿ ಕೆಣಕಿದರೆ, ಮುಂದಿನ ವಸಂತದಲ್ಲಿ ಮುರಸಾಕಿಯು ಹಕ್ಕಿಗಳಂತೆಯೂ ಚಿಟ್ಟೆಗಳಂತೆಯೂ ವೇಷ ತೊಟ್ಟ ಮಕ್ಕಳ ಕೈಯಲ್ಲಿ ಹೂಗಳನ್ನು ಕಳುಹಿಸಿ ಉತ್ತರಿಸುತ್ತಾಳೆ. ಆ ವಿನೋದದ ಕೊನೆ ದಾರುಣವಾದುದು. ವಸಂತದ ಒಡತಿಯಾದ ಮುರಸಾಕಿಯು ಸಾಯುವುದು ಶರತ್ಕಾಲದಲ್ಲಿ, ಎಂಟನೆಯ ತಿಂಗಳಲ್ಲಿ. ಮುಂದಿನ ಅಧ್ಯಾಯವು ಗೆಂಜಿಯ ಶೋಕವನ್ನು ವಸಂತದಿಂದ ವರ್ಷಾಂತ್ಯದವರೆಗೆ ಅನುಸರಿಸುತ್ತದೆ. ಋತುಗಳನ್ನು ಹಂಚಿಕೊಟ್ಟವನೇ ಈಗ ಒಂದೊಂದು ಋತುವಿನ ಮುಂದೆಯೂ ಅಸಹಾಯಕನಾಗಿ ನಿಲ್ಲುತ್ತಾನೆ.

ಆದುದರಿಂದ ಈ ಗ್ರಂಥದ ಹೂವು ಬಣ್ಣಗಳನ್ನು ಅಲಂಕಾರವೆಂದು ದಾಟಿಹೋಗುವುದು ಯುಕ್ತವಲ್ಲ. ರಾಜಶಾಸನವು ಬಣ್ಣದಿಂದ ಪದವಿಯನ್ನು ಅಳೆಯಿತು. ಗೃಹಪತಿಯು ಋತುವಿನಿಂದ ಸ್ತ್ರೀಯರ ನೆಲೆಯನ್ನು ಗೊತ್ತುಮಾಡಿದನು. ಇವೆರಡನ್ನೂ ಅರಮನೆಯೊಳಗಿದ್ದು ಕಂಡ ಲೇಖಕಿಯು, ಆ ಕಟ್ಟುಗಳಿಗೆ ಅಳವಡದ ದುಃಖವನ್ನು ಅದೇ ಸಂಕೇತಗಳ ಮೂಲಕವೇ ಹೇಳಿದಳು.