ಸೆಕೆಂಡ್ ಹ್ಯಾಂಡ್ ಜೆಸಿಬಿಯಲ್ಲಿ ಎರರ್ ಕೋಡ್ ಬಂದರೆ ಸೆನ್ಸರ್ ಬದಲಿಸಿದರೆ ಸಾಕೇ?

ಹೇಳಿಕೆ: "ಮೀಟರ್ ಬೋರ್ಡ್ ಮೇಲೆ ಯಾವ ಸೆನ್ಸರ್‌ನ ಕೋಡ್ ಬರುತ್ತದೋ ಆ ಸೆನ್ಸರ್ ಕೆಟ್ಟಿದೆ, ಬದಲಿಸಿ. ಆಗಲೂ ಹೋಗದಿದ್ದರೆ ಹತ್ತು ನಿಮಿಷ ಬ್ಯಾಟರಿ ವೈರ್ ತೆಗೆದಿಡಿ. ಕೋಡ್ ಹೋದರೆ ಮಷಿನ್ ಓಕೆ."

ಸತ್ಯಾಂಶ: ಇದು ದಾರಿ ತಪ್ಪಿಸುವ ಮಾಹಿತಿ. ತೊಂದರೆ ಎಲ್ಲಿ ಕಂಡಿತು ಎಂಬುದನ್ನು ಕೋಡ್ ಹೇಳುತ್ತದೆ, ಯಾಕೆ ಬಂತು ಎಂಬುದನ್ನಲ್ಲ. ಕೋಡ್ ಅಳಿಸಿದರೆ ರಿಪೇರಿ ಆದಂತಲ್ಲ.

ಬೆಳಗಾವಿ ನಗರದ ಹೊಸ ಬಡಾವಣೆಗಳಿಂದ ಹಿಡಿದು ಖಾನಾಪುರದ ಇಟ್ಟಿಗೆ ಭಟ್ಟಿಗಳವರೆಗೆ ಮಣ್ಣು ಅಗೆಯಲು ಜೆಸಿಬಿ, ಪೊಕ್ಲೇನ್ ಬೇಕೇ ಬೇಕು. ಹೊಸದು ಕೊಳ್ಳಲಾಗದವರು ಸಾಲ ಮಾಡಿ ಹಳೆಯ ಯಂತ್ರ ತರುತ್ತಾರೆ. ಇಂಥವರ ಮೊಬೈಲಿಗೆ ಮೇಲಿನಂಥ ಸಲಹೆ ಬಂದರೆ ನಷ್ಟ ಒಂದು ಸೆನ್ಸರ್‌ನ ಬೆಲೆಗೆ ನಿಲ್ಲುವುದಿಲ್ಲ, ಎಂಜಿನ್ನೇ ಕೈಕೊಡಬಹುದು. ಹಾಗಾಗಿ ಕೋಡ್ ಓದುವುದು ಹೇಗೆ ಎಂದು ಸರಳವಾಗಿ ವಿವರಿಸುತ್ತಿದ್ದೇವೆ.

ಕೋಡ್ ಎಲ್ಲಿಂದ ಬರುತ್ತದೆ?

ಹಳೆಯ ಜೆಸಿಬಿ ಮಾದರಿಯ ಹೆಚ್ಚಿನ ಯಂತ್ರಗಳಲ್ಲಿ ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುತ್ತಿತ್ತು, ಎಂಜಿನ್‌ಗೆ ಕಂಪ್ಯೂಟರ್ ಇರಲಿಲ್ಲ. ಭಾರತದಲ್ಲಿ ಚಕ್ರವಿರುವ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ನಾಲ್ಕನೇ ಹಂತದ ಹೊಗೆ ನಿಯಮ ಜಾರಿಯಾಯಿತು. ಅದರೊಂದಿಗೆ ಕಂಪ್ಯೂಟರ್ ನಿಯಂತ್ರಿಸುವ ಎಂಜಿನ್‌ಗಳು ಸಾಮಾನ್ಯವಾದವು. ಆ ಯಂತ್ರಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ.

ಈ ಕಂಪ್ಯೂಟರ್‌ಗೆ ಇಸಿಯು ಎನ್ನುತ್ತಾರೆ. ಆಯಿಲ್ ಒತ್ತಡ, ನೀರಿನ ಬಿಸಿ, ಡೀಸೆಲ್ ಒತ್ತಡ ಇತ್ಯಾದಿಗಳನ್ನು ಅಳೆಯುವ ಸೆನ್ಸರ್‌ಗಳಿಂದ ಅದಕ್ಕೆ ವೋಲ್ಟೇಜ್ ರೂಪದಲ್ಲಿ ಸುದ್ದಿ ಬರುತ್ತದೆ. ಬಂದ ಸುದ್ದಿ ಹೊಂದಿಕೆಯಾಗದಿದ್ದರೆ ಇಸಿಯು ಕೋಡ್ ತೋರಿಸುತ್ತದೆ. ಸೆನ್ಸರ್ ಕೆಟ್ಟಿದೆಯೋ, ವೈರ್ ತುಂಡಾಗಿದೆಯೋ, ನಿಜಕ್ಕೂ ಎಂಜಿನ್‌ಗೇ ತೊಂದರೆಯೋ ಎಂಬುದನ್ನು ನಾವೇ ಪತ್ತೆ ಮಾಡಬೇಕು.

ಒಂದೇ 100, ಎರಡು ಅರ್ಥ

ಭಾರೀ ಯಂತ್ರಗಳಲ್ಲಿ ಜೆ1939 ಎಂಬ ಮಾನದಂಡ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಕೋಡ್‌ನಲ್ಲಿ ಎರಡು ಸಂಖ್ಯೆಗಳು ಮುಖ್ಯ. ಎಸ್‌ಪಿಎನ್ ಎಂದರೆ ತೊಂದರೆ ಕಂಡ ಜಾಗ: 100 ಎಂದರೆ ಎಂಜಿನ್ ಆಯಿಲ್ ಒತ್ತಡ, 110 ಎಂದರೆ ಕೂಲಂಟ್ ಬಿಸಿ, 157 ಎಂದರೆ ಡೀಸೆಲ್ ರೈಲ್ ಒತ್ತಡ. ಎಫ್‌ಎಂಐ ಎಂದರೆ ತೊಂದರೆಯ ಬಗೆ. ಫಾರ್ವರ್ಡ್‌ಗಳು ಮರೆಯುವುದು ಈ ಎರಡನೆಯ ಸಂಖ್ಯೆಯನ್ನೇ.

• ಎಫ್‌ಎಂಐ 0: ಅಳತೆ ನಂಬುವಂತಿದೆ, ಅಪಾಯಕಾರಿಯಾಗಿ ಹೆಚ್ಚಾಗಿದೆ.
• ಎಫ್‌ಎಂಐ 1: ಅಳತೆ ನಂಬುವಂತಿದೆ, ಅಪಾಯಕಾರಿಯಾಗಿ ಕಡಿಮೆಯಾಗಿದೆ.
• ಎಫ್‌ಎಂಐ 2: ಅಳತೆ ಏರುಪೇರಾಗುತ್ತಿದೆ, ನಂಬುವಂತಿಲ್ಲ.
• ಎಫ್‌ಎಂಐ 3: ವೋಲ್ಟೇಜ್ ಮಿತಿಗಿಂತ ಹೆಚ್ಚು.
• ಎಫ್‌ಎಂಐ 4: ವೋಲ್ಟೇಜ್ ಮಿತಿಗಿಂತ ಕಡಿಮೆ.
• ಎಫ್‌ಎಂಐ 5: ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ತುಂಡಾಗಿದೆ.

ಈಗ ನೋಡಿ. 100ರ ಜತೆ 1 ಬಂದರೆ ಆಯಿಲ್ ಒತ್ತಡ ಕುಸಿದಿದೆ ಎಂದು ಇಸಿಯು ನಂಬಿದೆ. ತಕ್ಷಣ ಎಂಜಿನ್ ಬಂದ್ ಮಾಡಿ ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದರೂ ಮಿಸ್ತ್ರಿ ಮೆಕ್ಯಾನಿಕಲ್ ಗೇಜ್ ಹಾಕಿ ಒತ್ತಡ ಅಳೆಯುವವರೆಗೆ ಯಂತ್ರವನ್ನು ಕೆಲಸಕ್ಕೆ ಹಚ್ಚಬೇಡಿ. ಅದೇ 100ರ ಜತೆ 4 ಬಂದರೆ ಅನುಮಾನ ಮೊದಲು ವೈರ್, ಕಪ್ಲರ್, ಸೆನ್ಸರ್ ಕಡೆಗೆ ಹೋಗಬೇಕು. ಹಾಗೆಂದು ಇದನ್ನೂ ಕಡೆಗಣಿಸುವಂತಿಲ್ಲ. ಈ ಸ್ಥಿತಿಯಲ್ಲಿ ಆಯಿಲ್ ಒತ್ತಡ ನಿಜಕ್ಕೂ ಬಿದ್ದರೂ ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಎಲ್ಲ ಕಂಪನಿಗಳ ಪರದೆಯಲ್ಲೂ ಕೋಡ್ ಹೀಗೆಯೇ ಕಾಣಿಸುವುದಿಲ್ಲ. ಉದಾಹರಣೆಗೆ, ಕೊಮಾಟ್ಸು ಯಂತ್ರಗಳ ಎಂಜಿನ್ ಕೋಡ್‌ಗಳು 'ಸಿಎ' ಎಂದು ಶುರುವಾಗುತ್ತವೆ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿರುವ ಅರ್ಥವೇ ಅಂತಿಮ. ಬೇರೆ ಕಂಪನಿಯ ಪಟ್ಟಿ ನೋಡಿ ತೀರ್ಮಾನಿಸಬೇಡಿ.

ಸೆನ್ಸರ್ ಕೊಳ್ಳುವ ಮೊದಲು ಏನು ನೋಡಬೇಕು?

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಭಾಗದಲ್ಲಿ ಮಳೆಗಾಲವಿಡೀ ಜಡಿಮಳೆ, ಬೇಸಿಗೆಯಲ್ಲಿ ಕೆಂಪು ಧೂಳು. ವೈರಿಂಗ್‌ಗೆ ಇವೆರಡೂ ಶತ್ರುಗಳೇ. ಪ್ರೆಷರ್ ಪಂಪ್‌ನಿಂದ ತೊಳೆದಾಗಲೂ ಕಪ್ಲರ್ ಒಳಗೆ ನೀರು ಸೇರುತ್ತದೆ. ನಿಂತ ಯಂತ್ರದ ವೈರ್‌ಗಳನ್ನು ಇಲಿ ಕಡಿಯುತ್ತದೆ. ಆದ್ದರಿಂದ ಕಡಿಮೆ ಖರ್ಚಿನ ಪರೀಕ್ಷೆಗಳು ಮೊದಲು:

1. ಕೋಡ್‌ನ ಎಲ್ಲ ಸಂಖ್ಯೆಗಳ ಫೋಟೊ ತೆಗೆಯಿರಿ. ಕೋಡ್ ಈಗ ಸಕ್ರಿಯವಾಗಿದೆಯೋ, ಹಿಂದೆ ಬಂದು ದಾಖಲಾದದ್ದೋ ನೋಡಿ.

2. ಬ್ಯಾಟರಿ ವೋಲ್ಟೇಜ್, ಟರ್ಮಿನಲ್, ಅರ್ಥ್ ವೈರ್ ನೋಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರಾ ಇಳಿದರೂ ಸುಳ್ಳು ಕೋಡ್‌ಗಳು ಬರಬಹುದು.

3. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ. ಒಳಗೆ ನೀರು, ಹಸಿರು ಕಿಲುಬು, ಬಾಗಿದ ಪಿನ್ ಇವೆಯೇ ನೋಡಿ.

4. ಒಟ್ಟಿಗೆ ಮೂರ್ನಾಲ್ಕು ಸೆನ್ಸರ್‌ಗಳ ಕೋಡ್ ಬಂದರೆ ಎಲ್ಲವೂ ಒಮ್ಮೆಲೇ ಕೆಟ್ಟಿರುವ ಸಾಧ್ಯತೆ ಕಡಿಮೆ. ಮೂರು ವೈರ್‌ಗಳ ಒತ್ತಡದ ಸೆನ್ಸರ್‌ಗಳಿಗೆ ಸಾಮಾನ್ಯವಾಗಿ ಇಸಿಯುನಿಂದ 5 ವೋಲ್ಟ್ ಬರುತ್ತದೆ. ಹಲವು ಸೆನ್ಸರ್‌ಗಳು ಅದನ್ನೇ ಹಂಚಿಕೊಂಡಿರುತ್ತವೆ. ಒಂದು ಶಾರ್ಟ್ ಆದರೆ ಉಳಿದವೂ ಕೆಟ್ಟಂತೆ ಕಾಣುತ್ತವೆ. ಒಂದೊಂದಾಗಿ ಬಿಚ್ಚುತ್ತಾ ಹೋದಾಗ ಯಾವುದನ್ನು ಬಿಚ್ಚಿದೊಡನೆ 5 ವೋಲ್ಟ್ ಮರಳುತ್ತದೋ ತೊಂದರೆ ಅಲ್ಲಿದೆ.

5. ಎರಡು ವೈರ್‌ಗಳ ಬಿಸಿ ಸೆನ್ಸರ್‌ಗೆ ಎಫ್‌ಎಂಐ 4 ಬಂದಿದ್ದರೆ ಅದರ ಕಪ್ಲರ್ ಬಿಚ್ಚಿ ಕೀ ಆನ್ ಮಾಡಿ. ಕೋಡ್ 4ರಿಂದ 3ಕ್ಕೆ ಬದಲಾದರೆ ವೈರಿಂಗ್ ಹೆಚ್ಚಾಗಿ ಸರಿಯಿದೆ, ಅನುಮಾನ ಸೆನ್ಸರ್ ಮೇಲೆ. ಬಿಚ್ಚಿದ ಮೇಲೂ 4 ಹಾಗೆಯೇ ಉಳಿದರೆ ವೈರ್ ಎಲ್ಲೋ ಅರ್ಥ್ ಆಗಿರಬಹುದು. ಆಗ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ.

ಬ್ಯಾಟರಿ ವೈರ್ ತೆಗೆದರೆ ಸರಿಹೋಗುತ್ತದೆಯೇ?

ಇಲ್ಲ. ಹಲವು ಇಸಿಯುಗಳು ಬ್ಯಾಟರಿ ಇಲ್ಲದಿದ್ದರೂ ಕೋಡ್ ನೆನಪಿಟ್ಟುಕೊಳ್ಳುತ್ತವೆ. ಅಳಿಸಿ ಹೋದರೂ ಕಾರಣ ಉಳಿದಿದ್ದರೆ ಅದೇ ಸ್ಥಿತಿ ಬಂದಾಗ ಕೋಡ್ ಮತ್ತೆ ಬರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತರಂತೂ ಆಲ್ಟರ್ನೇಟರ್‌ನಿಂದ ವೋಲ್ಟೇಜ್ ಚಿಮ್ಮಿ ಇಸಿಯು ಸುಡಬಹುದು. ಆದರೆ ಬಕೆಟ್‌ಗೆ ವೆಲ್ಡಿಂಗ್ ಮಾಡುವ ಮುನ್ನ ಯಂತ್ರ ಬಂದ್ ಮಾಡಿ, ಕೈಪಿಡಿ ಹೇಳಿದಂತೆ ಬ್ಯಾಟರಿ ಮತ್ತು ಇಸಿಯು ಬೇರ್ಪಡಿಸಲೇಬೇಕು. ಎಂಜಿನ್ ಬಲ ಮರಳಲಿ ಎಂದು ಸೆನ್ಸರ್ ಬೈಪಾಸ್ ಮಾಡುವುದು ಇನ್ನೂ ಅಪಾಯ. ಬಲ ಕಡಿಮೆ ಮಾಡಿ ಯಂತ್ರ ತನ್ನನ್ನು ಕಾಪಾಡಿಕೊಳ್ಳುತ್ತಿರುತ್ತದೆ.

ಕೊಳ್ಳುವವರು ಗಮನಿಸಿ

ಖಾಲಿ ಪರದೆ ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ತೋರಿಸುವ ಮುನ್ನ ಕೋಡ್ ಅಳಿಸಿರಬಹುದು. ಎಂಜಿನ್ ತಣ್ಣಗಿರುವಾಗ ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ಕೀ ಆನ್ ಮಾಡಿದಾಗ ಎಚ್ಚರಿಕೆ ದೀಪಗಳು ಹೊತ್ತಿ ನಂತರ ಆರಬೇಕು. ಹೊತ್ತದೇ ಇದ್ದರೆ ಯಾಕೆ ಎಂದು ಕೇಳಿ. ಯಂತ್ರ ಪೂರ್ತಿ ಬಿಸಿಯಾಗುವವರೆಗೆ ಅಗೆಯುವ, ಎತ್ತುವ ಕೆಲಸ ಮಾಡಿಸಿ, ಮತ್ತೆ ಕೋಡ್ ನೋಡಿ. ಕಂಪನಿಯ ಸರ್ವಿಸ್ ಉಪಕರಣ ಇರುವವರಿಂದ ದಾಖಲಾದ ಕೋಡ್‌ಗಳನ್ನು ಓದಿಸಿ. ಕೋಡ್ ಎಷ್ಟು ಸಲ, ಎಷ್ಟನೇ ಗಂಟೆಯಲ್ಲಿ ಬಂದಿತ್ತು ಎಂಬುದನ್ನೂ ಹಲವು ಯಂತ್ರಗಳು ಹೇಳುತ್ತವೆ. ಆ ಗಂಟೆ ಪರದೆಯ ಆವರ್ ಮೀಟರ್‌ಗಿಂತ ಹೆಚ್ಚಿದ್ದರೆ ಮೀಟರ್ ಬದಲಿಸಿದ್ದಾರೆಯೇ ಎಂದು ವಿಚಾರಿಸಿ.

ಕೊನೆಯ ಮಾತು: ಕೋಡ್ ಬಂದರೆ ಎರಡೂ ಸಂಖ್ಯೆ ಓದಿ, ವೈರ್ ನೋಡಿ, ಅಳತೆ ಮಾಡಿ, ಆಮೇಲೆ ಸೆನ್ಸರ್ ಕೊಳ್ಳಿ. ಆಯಿಲ್ ಒತ್ತಡ ಅಥವಾ ಅತಿ ಬಿಸಿಯ ಕೋಡ್ ಬಂದರೆ ಮಾತ್ರ ಮೊದಲು ಎಂಜಿನ್ ನಿಲ್ಲಿಸಿ, ಉಳಿದದ್ದು ಆಮೇಲೆ. ಯಂತ್ರ ನಡೆಸುವ ಆಪರೇಟರ್‌ಗಳಿಗೆ, ಕೊಳ್ಳಲು ಹೊರಟ ಗೆಳೆಯರಿಗೆ ಇದನ್ನು ಕಳುಹಿಸಿ.